ಹದಿನಾರಕ್ಕೆ ಆಯ್ಕೆಯಾಗದ ಗೋಲ್‌ಕೀಪರ್‌ಗೆ ಮುಂದೆ ದಾರಿ ಇದೆಯಾ?

ಓದುಗರ ಪ್ರಶ್ನೆ: ನನ್ನ ಮಗನಿಗೆ ಹದಿನಾರು ವರ್ಷ. ಚಿಕ್ಕಂದಿನಿಂದ ಐಸ್ ಹಾಕಿಯಲ್ಲಿ ಗೋಲ್‌ಕೀಪರ್. ಈ ಸಲ ಮೇಲಿನ ಹಂತದ ಜೂನಿಯರ್ ತಂಡಕ್ಕೆ ಆಯ್ಕೆಯಾಗಲಿಲ್ಲ. ಜೊತೆಗೆ ಆಡುತ್ತಿದ್ದ ಇಬ್ಬರು ಫಾರ್ವರ್ಡ್ ಹುಡುಗರು ಆಯ್ಕೆಯಾದರು. ಇವನು ಮಂಕಾಗಿದ್ದಾನೆ. ವೃತ್ತಿಪರ ಗೋಲ್‌ಕೀಪರ್‌ನ ಬದುಕು ನಿಜಕ್ಕೂ ಹೇಗಿರುತ್ತದೆ? ಎಷ್ಟು ವರ್ಷ ಆಡಬಹುದು, ಸಂಪಾದನೆ ಎಷ್ಟು, ದೇಹ ತಡೆಯುತ್ತದಾ? ಇವನ ದಾರಿ ಇಲ್ಲಿಗೇ ಮುಗಿಯಿತಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮುಗಿದಿಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಗೋಲ್‌ಕೀಪರ್‌ಗಳ ವಿಷಯದಲ್ಲಿ ಹದಿನಾರು, ಹದಿನೆಂಟು ವಯಸ್ಸಿನ ತೀರ್ಪುಗಳು ಸುಳ್ಳಾಗುವುದು ಜಾಸ್ತಿ. ಹಾಗಂತ ಮುಂದಿನ ದಾರಿ ಸುಲಭ ಅಂತಲೂ ನಾನು ಹೇಳುವುದಿಲ್ಲ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಈ ವೃತ್ತಿಯಲ್ಲಿ ಎಲ್ಲವೂ ಒಂದು ವಿಷಯದಿಂದ ಹುಟ್ಟುತ್ತದೆ. ನೆಟ್ ಒಂದೇ. ಅದರ ಮುಂದೆ ನಿಲ್ಲುವವನೂ ಒಬ್ಬನೇ. ಉತ್ತರ ಅಮೆರಿಕದ ಅತಿ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಒಂದು ಪಂದ್ಯಕ್ಕೆ ಪ್ರತಿ ತಂಡ ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆಂಡರ್, 2 ಗೋಲ್‌ಕೀಪರ್‌ಗಳನ್ನು ಸಜ್ಜು ಮಾಡುತ್ತದೆ. ಲೆಕ್ಕ ಹಾಕಿ ನೋಡಿ. ಫಾರ್ವರ್ಡ್‌ಗಳಿಗೆ 384 ಜಾಗ. ಗೋಲ್‌ಕೀಪರ್‌ಗಳಿಗೆ 64. ಅದರಲ್ಲೂ ಆ ರಾತ್ರಿ ಆಡುವವರು 32 ಜನ. ಉಳಿದ 32 ಜನ ಪ್ಯಾಡ್ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕೂತಿರುತ್ತಾರೆ. ಕ್ರಿಕೆಟ್‌ನಲ್ಲಿ ಎರಡನೇ ವಿಕೆಟ್ ಕೀಪರ್ ವರ್ಷಗಟ್ಟಲೆ ಕಾಯುವ ಪಾಡು ನಿಮಗೆ ಗೊತ್ತಿರಬಹುದು, ಇದೂ ಹಾಗೇ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಹತ್ತೊಂಬತ್ತರ ಫಾರ್ವರ್ಡ್ ಹುಡುಗನನ್ನು ಕೋಚ್ ನಾಲ್ಕನೇ ಸಾಲಿನಲ್ಲಿ ಹಾಕಿ, ಪಂದ್ಯಕ್ಕೆ ಎಂಟು ನಿಮಿಷ ಆಡಿಸಿ, ಮೆಲ್ಲಗೆ ಕಲಿಸಬಹುದು. ಅವನು ತಪ್ಪು ಮಾಡಿದರೆ ಹಿಂದೆ ಇರುವವರು ಸರಿ ಮಾಡುತ್ತಾರೆ. ಗೋಲ್‌ಕೀಪರ್‌ಗೆ ಎಂಟು ನಿಮಿಷ ಅನ್ನುವುದೇ ಇಲ್ಲ. ಆಡಿದರೆ ಪೂರ್ತಿ 60 ನಿಮಿಷ, ಇಲ್ಲದಿದ್ದರೆ ಬೆಂಚು. ಅವನು ತಪ್ಪಿದರೆ ಅದು ಗೋಲು. ಅದಕ್ಕೇ ತಂಡಗಳು ಹುಡುಗರನ್ನು ಅವಸರದಲ್ಲಿ ನೆಟ್‌ಗೆ ತಂದು ನಿಲ್ಲಿಸುವುದಿಲ್ಲ. ಒಳ್ಳೆಯ ಫಾರ್ವರ್ಡ್ ಇಪ್ಪತ್ತಕ್ಕೇ ಹೆಸರು ಮಾಡಿರುತ್ತಾನೆ. ಒಳ್ಳೆಯ ಗೋಲ್‌ಕೀಪರ್ ಇಪ್ಪತ್ತಮೂರು, ಇಪ್ಪತ್ತೈದರ ಹೊತ್ತಿಗೆ ಬಾಗಿಲು ತಟ್ಟುತ್ತಿರುತ್ತಾನೆ. ನಿಮ್ಮ ಮಗ ತನ್ನನ್ನು ಆ ಇಬ್ಬರು ಗೆಳೆಯರ ಜೊತೆ ಹೋಲಿಸಿಕೊಳ್ಳುತ್ತಿದ್ದಾನೆ ಅಲ್ವಾ? ಆ ಹೋಲಿಕೆಯೇ ಸರಿಯಲ್ಲ. ಅವರದು ಬೇರೆ ಗಡಿಯಾರ.

ಆಯ್ಕೆ ಮಾಡುವವರು ಎಷ್ಟು ಸಲ ಎಡವಿದ್ದಾರೆ ನೋಡಿ. ಡೊಮಿನಿಕ್ ಹಾಶೆಕ್ ಅವರನ್ನು 1983ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ತೆಗೆದುಕೊಂಡಿದ್ದು 199ನೇ ಆಟಗಾರನಾಗಿ. ಅವರು ಮುಂದೆ ಆರು ಸಲ ವೆಜಿನಾ ಟ್ರೋಫಿ ಗೆದ್ದರು. ಅದು ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಪ್ರಶಸ್ತಿ. 1997 ಮತ್ತು 1998ರಲ್ಲಿ ಇಡೀ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಸಿಗುವ ಹಾರ್ಟ್ ಟ್ರೋಫಿಯೂ ಅವರದಾಯಿತು. ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ 205ನೆಯವರು. ಈಗ ವಿನ್ನಿಪೆಗ್‌ನಲ್ಲಿ ಆಡುವ ಕಾನರ್ ಹೆಲ್ಲೆಬಕ್ 2012ರಲ್ಲಿ 130ನೆಯವರು. ಸೆರ್ಗೆಯ್ ಬೊಬ್ರೊವ್‌ಸ್ಕಿ ಅವರನ್ನಂತೂ ಯಾರೂ ಡ್ರಾಫ್ಟ್ ಮಾಡಲೇ ಇಲ್ಲ. ಎರಡು ವೆಜಿನಾ, 2024 ಮತ್ತು 2025ರಲ್ಲಿ ಫ್ಲೋರಿಡಾ ಪರ ಎರಡು ಸ್ಟ್ಯಾನ್ಲಿ ಕಪ್, ಅಂದರೆ ಲೀಗ್‌ನ ಚಾಂಪಿಯನ್ ಪಟ್ಟ, ಅವರ ಲೆಕ್ಕದಲ್ಲಿವೆ.

ಇದರ ಇನ್ನೊಂದು ತುದಿ ರಿಕ್ ಡಿಪಿಯೆಟ್ರೊ. ಲುಂಡ್‌ಕ್ವಿಸ್ಟ್ 205ನೆಯವರಾದ ಅದೇ ಡ್ರಾಫ್ಟ್‌ನಲ್ಲಿ ಇವರು ಮೊದಲನೆಯವರು. 2006ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಇವರ ಜೊತೆ 15 ವರ್ಷಕ್ಕೆ 6.75 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಆಮೇಲೆ ಒಂದರ ಹಿಂದೆ ಒಂದು ಗಾಯ. 2013ರಲ್ಲಿ ತಂಡ ಒಪ್ಪಂದವನ್ನು ಮುರಿದು ಹಣ ಕೊಟ್ಟು ಕಳಿಸಿತು. ಆ ಹಣ ವರ್ಷಕ್ಕೆ 15 ಲಕ್ಷ ಡಾಲರ್‌ನಂತೆ 2029ರವರೆಗೂ ಅವರಿಗೆ ಹೋಗುತ್ತದೆ. ಡಿಪಿಯೆಟ್ರೊ ಕೆಟ್ಟ ಗೋಲ್‌ಕೀಪರ್ ಆಗಿರಲಿಲ್ಲ. ಹದಿನೆಂಟು ವರ್ಷದ ಗೋಲ್‌ಕೀಪರ್‌ನ ಮುಂದಿನ ಹದಿನೈದು ವರ್ಷ ಹೇಗಿರುತ್ತದೆ ಅಂತ ಯಾರಿಗೂ ಊಹಿಸಲು ಆಗುವುದಿಲ್ಲ, ಅಷ್ಟೇ.

ನಿಮ್ಮ ಮಗನಿಗೆ ಒಬ್ಬರ ಕಥೆ ಹೇಳಬೇಕು ಅಂದರೆ ಟಿಮ್ ಥಾಮಸ್ ಅವರದ್ದು ಹೇಳಿ. 1994ರಲ್ಲಿ 217ನೆಯವರಾಗಿ ಡ್ರಾಫ್ಟ್ ಆದರು. ಆಗ ಅವರು ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಆಡುತ್ತಿದ್ದರು. ಓದು ಮುಗಿದ ಮೇಲೆ ಅಮೆರಿಕದ ಮೈನರ್ ಲೀಗ್‌ಗಳಲ್ಲಿ ಆಡಿದರು. ಫಿನ್ಲೆಂಡ್‌ಗೆ ಹೋದರು, ಸ್ವೀಡನ್‌ಗೆ ಹೋದರು, ಮತ್ತೆ ಬಂದರು. ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ ಆಡಿದ್ದು 2002ರಲ್ಲಿ, 28ನೇ ವಯಸ್ಸಿಗೆ. ಅದಾದ ಮೇಲೂ ಜಾಗ ಗಟ್ಟಿಯಾಗಲಿಲ್ಲ. ಬಾಸ್ಟನ್ ತಂಡದಲ್ಲಿ ನೆಲೆ ನಿಂತಾಗ ಮೂವತ್ತು ದಾಟಿತ್ತು. 2009ರಲ್ಲಿ ವೆಜಿನಾ. 2011ರಲ್ಲಿ ಮತ್ತೆ ವೆಜಿನಾ, ಜೊತೆಗೆ ಸ್ಟ್ಯಾನ್ಲಿ ಕಪ್. ಫೈನಲ್‌ನ ಏಳನೇ ಪಂದ್ಯದಲ್ಲಿ ವ್ಯಾಂಕೂವರ್‌ಗೆ ಒಂದೂ ಗೋಲು ಕೊಡಲಿಲ್ಲ. ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ ಕಾನ್ ಸ್ಮೈತ್ ಕೈಗೆ ಬಂದಾಗ ಅವರಿಗೆ 37. ಅವರ ಶೈಲಿ ಯಾವ ಪಾಠಕ್ಕೂ ಹೊಂದುತ್ತಿರಲಿಲ್ಲ. ಮಲಗಿ, ಉರುಳಿ, ಹೇಗೋ ತಡೆಯುತ್ತಿದ್ದರು. ಇಷ್ಟು ವರ್ಷ ಕಾಯಬೇಕಾಗಿ ಬಂದದ್ದಕ್ಕೆ ಅದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಜಾರ್ಡನ್ ಬಿನ್ನಿಂಗ್ಟನ್ ಕಥೆ ಇನ್ನೂ ಹತ್ತಿರದ್ದು. 2018-19ರ ಸೀಸನ್ ಶುರುವಾದಾಗ ಸೇಂಟ್ ಲೂಯಿಸ್ ತಂಡದ ಲೆಕ್ಕದಲ್ಲಿ ಅವರು ನಾಲ್ಕನೇ ಗೋಲ್‌ಕೀಪರ್. 2019ರ ಜನವರಿ ಮೊದಲ ವಾರದಲ್ಲಿ ತಂಡ ಇಡೀ ಲೀಗ್‌ನ ತಳದಲ್ಲಿತ್ತು. ಆಗ ಅವರಿಗೆ ನೆಟ್ ಸಿಕ್ಕಿತು. ಮೊದಲ ಸಲ ಶುರುವಿನಿಂದ ಆಡಿದ ಪಂದ್ಯದಲ್ಲೇ ಶಟೌಟ್, ಒಂದೂ ಗೋಲು ಬಿಡಲಿಲ್ಲ. ಜೂನ್‌ನಲ್ಲಿ ತಂಡ ಸ್ಟ್ಯಾನ್ಲಿ ಕಪ್ ಎತ್ತಿತು.

ಈ ಕಥೆಗಳನ್ನು ಓದಿ ಮಗ ಹುರುಪಾಗಲಿ. ಆದರೆ ನೀವು ಇನ್ನೊಂದು ಮಾತು ಮನಸ್ಸಲ್ಲಿ ಇಟ್ಟುಕೊಳ್ಳಿ. ಇವರೆಲ್ಲ ಕಾದು ಗೆದ್ದವರು. ಅಷ್ಟೇ ಚೆನ್ನಾಗಿ ಆಡಿ, ಅಷ್ಟೇ ವರ್ಷ ಕಾದು, ಜಾಗ ಖಾಲಿಯಾಗದೆ ಮನೆಗೆ ಹೋದವರು ಇವರಿಗಿಂತ ತುಂಬಾ ಜಾಸ್ತಿ. ಅವರ ಹೆಸರು ನಮ್ಮ ಕಿವಿಗೆ ಬೀಳುವುದಿಲ್ಲ. ಪ್ರತಿಭೆ ಇದ್ದರೂ ಮುಂದೆ ನಿಂತಿರುವವನಿಗೆ ಗಾಯವಾಗಬೇಕು, ಅವನು ಬೇರೆ ತಂಡಕ್ಕೆ ಹೋಗಬೇಕು, ಇಲ್ಲವೇ ಅವನ ಆಟ ಕುಸಿಯಬೇಕು. ಆ ಹೊತ್ತಿಗೆ ನೀವು ಸಿದ್ಧರಾಗಿರಬೇಕು. ಈ ವೃತ್ತಿಯ ಅತಿ ಕಷ್ಟದ ಭಾಗ ಇದೇ ಅಂತ ನನ್ನ ಅಭಿಪ್ರಾಯ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಪಕ್ (ಆಟದ ರಬ್ಬರ್ ಬಿಲ್ಲೆ) ಕೂಡ ಆಮೇಲಿನ ಮಾತು.

ಕಾಯುವುದು ಅಂದರೆ ದಿನದ ಲೆಕ್ಕದಲ್ಲಿ ಏನು? ಉತ್ತರ ಅಮೆರಿಕದಲ್ಲಿ ಎನ್‌ಎಚ್‌ಎಲ್‌ನ ಕೆಳಗೆ ಅಮೆರಿಕನ್ ಹಾಕಿ ಲೀಗ್ ಇದೆ, ಅದರ ಕೆಳಗೆ ಇಸಿಎಚ್‌ಎಲ್ ಅನ್ನುವ ಲೀಗ್. ಯುವ ಗೋಲ್‌ಕೀಪರ್ ಮೂರು ನಾಲ್ಕು ವರ್ಷ ಇಲ್ಲೇ ಇರುತ್ತಾನೆ. ಬಸ್ಸಿನಲ್ಲಿ ಓಡಾಟ. ಕೆಲವು ವಾರಾಂತ್ಯ ಮೂರು ದಿನಕ್ಕೆ ಮೂರು ಪಂದ್ಯ. ಒಂದು ಫೋನ್ ಬಂದರೆ ಮೇಲಿನ ತಂಡಕ್ಕೆ, ಇನ್ನೊಂದು ಫೋನ್ ಬಂದರೆ ವಾಪಸ್ ಕೆಳಗೆ. ಮೇಲೆ ಹೋದರೂ ಎಷ್ಟೋ ಸಲ ಒಂದು ನಿಮಿಷವೂ ಆಡದೆ ಬರುತ್ತಾನೆ. ಎನ್‌ಎಚ್‌ಎಲ್‌ನಲ್ಲೇ ಇರುವ ಬ್ಯಾಕಪ್‌ಗೂ, ಅಂದರೆ ಎರಡನೇ ಗೋಲ್‌ಕೀಪರ್‌ಗೂ, ಸುಖವಿಲ್ಲ. ಪಂದ್ಯದ ದಿನ ಬೆಳಗಿನ ಅಭ್ಯಾಸದಲ್ಲಿ, ಆ ರಾತ್ರಿ ಆಡುವವನು ಮೊದಲು ಐಸ್ ಬಿಟ್ಟು ಹೋಗುತ್ತಾನೆ. ಬ್ಯಾಕಪ್ ಅಲ್ಲೇ ನಿಂತು, ಪಂದ್ಯಕ್ಕೆ ಆಯ್ಕೆಯಾಗದ ಆಟಗಾರರ ಹೊಡೆತಗಳನ್ನು ತಡೆಯುತ್ತಾ ಇರುತ್ತಾನೆ. ವರ್ಷಕ್ಕೆ ಇಪ್ಪತ್ತು ಮೂವತ್ತು ಪಂದ್ಯ ಸಿಕ್ಕರೆ ಅದೇ ದೊಡ್ಡದು.

ಹಿಂದೆ ಬ್ಯಾಕಪ್‌ಗೆ ಅಷ್ಟೂ ಸಿಗುತ್ತಿರಲಿಲ್ಲ. ಗ್ಲೆನ್ ಹಾಲ್ 1955ರಿಂದ 1962ರವರೆಗೆ ಸತತವಾಗಿ 502 ಪಂದ್ಯ ಆಡಿದರು. ಅದೂ ಮುಖಕ್ಕೆ ಮಾಸ್ಕ್ ಇಲ್ಲದೆ. ಪಂದ್ಯಕ್ಕೆ ಮೊದಲು ಅವರಿಗೆ ಆತಂಕದಿಂದ ವಾಂತಿಯಾಗುತ್ತಿತ್ತು. ಆಮೇಲೆ ಹೋಗಿ ಆಡುತ್ತಿದ್ದರು. ಮಾರ್ಟಿನ್ ಬ್ರೊಡೂರ್‌ಗೆ ಸೀಸನ್‌ಗೆ 70 ಪಂದ್ಯ ಮಾಮೂಲಿ. 691 ಗೆಲುವು, 125 ಶಟೌಟ್ ಅವರ ದಾಖಲೆ. ಇವೆರಡೂ ಇನ್ನು ಮುರಿಯುವುದು ಕಷ್ಟ ಅಂತ ನಾನು ನಂಬಿದ್ದೇನೆ. ಯಾಕೆಂದರೆ ಈಗಿನ ತಂಡಗಳು ಮುಖ್ಯ ಗೋಲ್‌ಕೀಪರ್‌ನನ್ನು ಸೀಸನ್‌ನ 80ಕ್ಕೂ ಹೆಚ್ಚು ಪಂದ್ಯಗಳಲ್ಲಿ 50, 60ಕ್ಕೆ ನಿಲ್ಲಿಸುತ್ತವೆ. ದೇಹ ಉಳಿಯಲಿ ಅಂತ. ಇದರಿಂದ ಎರಡನೇ ಗೋಲ್‌ಕೀಪರ್‌ನ ಬೆಲೆ ಏರಿದೆ. ನಿಮ್ಮ ಮಗನ ಪೀಳಿಗೆಗೆ ಇದು ಒಳ್ಳೆಯ ಸುದ್ದಿ.

ಈಗ ದೇಹದ ವಿಷಯ. ಇಲ್ಲಿ ಸ್ವಲ್ಪ ನಿಂತು ಓದಿ.

ನೆಟ್ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಆರು ಮೀಟರ್ ದೂರದಿಂದ ಬಂದ ಒಳ್ಳೆಯ ಹೊಡೆತ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ನೆಟ್ ಮುಟ್ಟುತ್ತದೆ. ಪಕ್ ನೋಡಿ ಆಮೇಲೆ ಕೈ ಎತ್ತುತ್ತೇನೆ ಅಂದರೆ ಹೊತ್ತು ಮೀರಿರುತ್ತದೆ. ಹಾಗಾಗಿ ಗೋಲ್‌ಕೀಪರ್ ಹೊಡೆಯುವವನ ಸ್ಟಿಕ್ಕಿನ ಕೋನ, ಭುಜ, ದೇಹದ ಭಾರ ಯಾವ ಕಾಲಿನ ಮೇಲಿದೆ ಅನ್ನುವುದನ್ನು ಮೊದಲೇ ಓದುತ್ತಾನೆ. ಉಳಿದದ್ದನ್ನು ನಿಂತ ಜಾಗವೇ ಮಾಡಬೇಕು. ಇದಕ್ಕೆ ಹುಟ್ಟಿದ್ದೇ ಬಟರ್‌ಫ್ಲೈ ಶೈಲಿ. ಮಂಡಿ ಒಳಕ್ಕೆ ಮಡಚಿ ಐಸ್ ಮೇಲೆ ಕುಸಿದು, ಎರಡೂ ಪ್ಯಾಡ್‌ಗಳನ್ನು ಪಕ್ಕಕ್ಕೆ ಹರಡಿ ಕೆಳಭಾಗವನ್ನು ಮುಚ್ಚುವುದು. ಹಾಲ್ ಅವರ ಆಟದಲ್ಲಿ ಇದರ ಬೀಜ ಇತ್ತು. 1980ರ ದಶಕದಲ್ಲಿ ಪ್ಯಾಟ್ರಿಕ್ ರುವಾ ಮತ್ತು ಅವರ ಕೋಚ್ ಫ್ರಾಂಸ್ವಾ ಅಲೇರ್ ಇದನ್ನು ತಿದ್ದಿ ತೀಡಿ ಜಗತ್ತಿಗೇ ಹಬ್ಬಿಸಿದರು. ಈಗ ಎಲ್ಲರೂ ಇದನ್ನೇ ಕಲಿಯುತ್ತಾರೆ.

ಮಂಡಿಯೂರಿದಾಗಲೂ ನೆಟ್‌ನ ಮೇಲ್ಭಾಗ ಮುಚ್ಚಬೇಕಲ್ಲ, ಅದಕ್ಕೆ ತಂಡಗಳು ಎತ್ತರದ ಹುಡುಗರನ್ನು ಹುಡುಕುತ್ತವೆ. ಎನ್‌ಎಚ್‌ಎಲ್ ಗೋಲ್‌ಕೀಪರ್‌ಗಳ ಸರಾಸರಿ ಎತ್ತರ ಈಗ 190 ಸೆಂಟಿಮೀಟರ್ ಆಸುಪಾಸು. ನ್ಯಾಶ್‌ವಿಲ್ ತಂಡದ ಯೂಸೆ ಸಾರೋಸ್ 180 ಸೆಂಟಿಮೀಟರ್ ಇದ್ದೂ ವರ್ಷಗಳಿಂದ ಮೊದಲ ಗೋಲ್‌ಕೀಪರ್. ಆದರೆ ಅಂಥವರು ಅಪರೂಪ. ಎತ್ತರ ಕಮ್ಮಿ ಇದ್ದರೆ ಸ್ಕೇಟಿಂಗ್ ಬೇರೆಯವರಿಗಿಂತ ಒಂದು ಕೈ ಮೇಲಿರಬೇಕು.

ಬಟರ್‌ಫ್ಲೈ ಶೈಲಿ ಸೊಂಟದ ಕೀಲಿನಿಂದ ಬೆಲೆ ವಸೂಲಿ ಮಾಡುತ್ತದೆ. ತೊಡೆಮೂಳೆಯ ತಲೆ ಕೀಲಿನ ಗುಳಿಯ ಅಂಚಿಗೆ ಮತ್ತೆ ಮತ್ತೆ ಒತ್ತುತ್ತದೆ. ಅಲ್ಲಿನ ಮೃದುವಾದ ಸುತ್ತು ಹರಿಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇದು ಅತಿಯಾದರೆ ಮೂಳೆಯ ಆಕಾರವೇ ಬದಲಾಗಬಹುದು. ಬಾಸ್ಟನ್‌ನ ಟೂಕ್ಕಾ ರಾಸ್ಕ್ 2021ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ವಾಪಸ್ ಬಂದರು. ಕೆಲವೇ ಪಂದ್ಯ ಆಡಿ, 2022ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಕೇರಿ ಪ್ರೈಸ್ 2015ರಲ್ಲಿ ಹಾರ್ಟ್, ವೆಜಿನಾ ಎರಡನ್ನೂ ಒಟ್ಟಿಗೆ ಗೆದ್ದವರು. 2021ರ ಮಂಡಿ ಶಸ್ತ್ರಚಿಕಿತ್ಸೆಯ ನಂತರ ಅವರು ಆಡಿದ್ದು ಐದೇ ಪಂದ್ಯ. ಟಿಮ್ ಥಾಮಸ್ ಕೂಡ ತಲೆಗೆ ಬಿದ್ದ ಪೆಟ್ಟಿನಿಂದ ತನ್ನ ಮಿದುಳಿಗಾದ ಹಾನಿಯ ಬಗ್ಗೆ 2019ರಲ್ಲಿ ಬಿಚ್ಚಿ ಮಾತಾಡಿದರು. ಅವರ ಕಥೆ ಹೇಳುವಾಗ ಈ ಭಾಗವನ್ನೂ ಬಿಡಬೇಡಿ.

ಹಾಗಾಗಿ ದಯವಿಟ್ಟು ಒಂದು ಕೆಲಸ ಮಾಡಿ. ಮಗನಿಗೆ ತೊಡೆಸಂದಿಯಲ್ಲಿ ನೋವು ಇದೆಯಾ ಅಂತ ಕೇಳಿ. ಹುಡುಗರು ಜಾಗ ಹೋಗುತ್ತದೆ ಅನ್ನುವ ಭಯಕ್ಕೆ ಇದನ್ನು ಮುಚ್ಚಿಡುತ್ತಾರೆ. ಕ್ರೀಡಾ ವೈದ್ಯರಿಗೆ ಒಮ್ಮೆ ತೋರಿಸಿ. ವರ್ಷವಿಡೀ ಬಿಡುವಿಲ್ಲದೆ ಗೋಲ್‌ಕೀಪಿಂಗ್ ಶಿಬಿರಗಳಿಗೆ ಕಳಿಸಬೇಡಿ. ಬೇಸಿಗೆಯಲ್ಲಿ ಬೇರೆ ಆಟ ಆಡಲಿ.

ಮನಸ್ಸಿನ ವಿಷಯ ಇನ್ನೂ ಸೂಕ್ಷ್ಮ. ಗೋಲ್‌ಕೀಪರ್‌ನನ್ನು ಅಳೆಯುವ ಮುಖ್ಯ ಅಂಕಿ ಸೇವ್ ಶೇಕಡಾವಾರು. ನೂರು ಹೊಡೆತಕ್ಕೆ 90 ತಡೆದರೆ ಈಗಿನ ಎನ್‌ಎಚ್‌ಎಲ್‌ನಲ್ಲಿ ಸಾಧಾರಣ. 91.5 ತಡೆದರೆ ಒಳ್ಳೆಯವನು. ವ್ಯತ್ಯಾಸ ಒಂದೂವರೆ. ಆದರೆ ಸೀಸನ್‌ಗೆ 1,600 ಹೊಡೆತ ಎದುರಿಸುವವನಿಗೆ ಅದು 24 ಗೋಲು. ಒಂದು ತಂಡ ಪ್ಲೇಆಫ್‌ಗೆ ಹೋಗುವುದು ಬಿಡುವುದು ಅಷ್ಟರಲ್ಲೇ ತೀರ್ಮಾನವಾಗಬಹುದು. ಫಾರ್ವರ್ಡ್ ಹತ್ತು ಸಲ ಹೊಡೆದು ಒಂದು ಗೋಲು ಮಾಡಿದರೆ ಹೀರೊ. ಗೋಲ್‌ಕೀಪರ್ ಹತ್ತರಲ್ಲಿ ಒಂಬತ್ತು ತಡೆದರೆ ಆ ಉಳಿದ ಒಂದರ ಬಗ್ಗೆ ಎಲ್ಲರೂ ಕೇಳುತ್ತಾರೆ.

ಎಂಥವರಿಗೂ ಕೆಟ್ಟ ರಾತ್ರಿ ಬರುತ್ತದೆ. 1995ರ ಡಿಸೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಡೆಟ್ರಾಯಿಟ್ ವಿರುದ್ಧ ರುವಾ ಒಂಬತ್ತು ಗೋಲು ಬಿಟ್ಟುಕೊಟ್ಟರು. ಕೋಚ್ ಅವರನ್ನು ಅಲ್ಲಿಯವರೆಗೂ ಹೊರಗೆ ತೆಗೆಯಲಿಲ್ಲ. ಬೆಂಚಿಗೆ ಬಂದ ರುವಾ ಅಲ್ಲೇ ಕೂತಿದ್ದ ತಂಡದ ಅಧ್ಯಕ್ಷರಿಗೆ, ಇದು ಮಾಂಟ್ರಿಯಲ್‌ನಲ್ಲಿ ನನ್ನ ಕೊನೆಯ ಪಂದ್ಯ ಅಂದರು. ನಾಲ್ಕು ದಿನದಲ್ಲಿ ಕೊಲೊರಾಡೊಗೆ ಹೋದರು. ಅದೇ ಸೀಸನ್‌ನಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು. ಹೆಲ್ಲೆಬಕ್ 2025ರಲ್ಲಿ ಹಾರ್ಟ್ ಟ್ರೋಫಿ ಗೆದ್ದ ಅದೇ ವಸಂತದಲ್ಲಿ, ಪ್ಲೇಆಫ್‌ನ ಮೊದಲ ಸುತ್ತಿನ ಮೂರು ಪಂದ್ಯಗಳಲ್ಲಿ ಅವರನ್ನು ಮಧ್ಯದಲ್ಲೇ ಹೊರಗೆ ಕರೆದರು.

ಮನಸ್ಸಿನ ಭಾರವನ್ನು ಮುಚ್ಚಿಡುವ ಅಭ್ಯಾಸ ಈಗ ಸ್ವಲ್ಪ ಸ್ವಲ್ಪವೇ ಹೋಗುತ್ತಿದೆ. ರಾಬಿನ್ ಲೆಹ್ನರ್ 2018ರಲ್ಲಿ ತನ್ನ ಬೈಪೋಲಾರ್ ಕಾಯಿಲೆ ಮತ್ತು ಕುಡಿತದ ಚಟದ ಬಗ್ಗೆ ಬಹಿರಂಗವಾಗಿ ಬರೆದರು. ಚಿಕಿತ್ಸೆ ಪಡೆದು ವಾಪಸ್ ಬಂದರು. 2019ರಲ್ಲಿ ಅವರಿಗೆ ಮಾಸ್ಟರ್ಟನ್ ಟ್ರೋಫಿ ಸಿಕ್ಕಿತು. ಛಲ ಬಿಡದೆ ಆಡಿದವರಿಗೆ ಕೊಡುವ ಗೌರವ ಅದು. ಇದನ್ನು ಬರೆಯಲು ಬೇಕಾದ ಧೈರ್ಯ ಪಕ್ ತಡೆಯುವ ಧೈರ್ಯಕ್ಕಿಂತ ದೊಡ್ಡದು ಅಂತ ನಾನು ತಿಳಿದಿದ್ದೇನೆ. ನಿಮ್ಮ ಮಗ ಈಗ ಮಂಕಾಗಿದ್ದಾನೆ ಅಂದಿರಲ್ಲ, ಅವನ ಆಟದ ಬಗ್ಗೆ ಬಿಟ್ಟು ಬೇರೆ ವಿಷಯ ಮಾತಾಡಿ. ವಾರಗಟ್ಟಲೆ ಹಾಗೇ ಇದ್ದರೆ ಆಪ್ತಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಿ.

ಹಣದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ತುದಿಯಲ್ಲಿ ಇರುವವರದು ನಂಬಲಾಗದ ಮೊತ್ತ. ನ್ಯೂಯಾರ್ಕ್ ರೇಂಜರ್ಸ್‌ನ ಈಗೊರ್ ಶೆಸ್ಟರ್ಕಿನ್ 2024ರ ಡಿಸೆಂಬರ್‌ನಲ್ಲಿ ಎಂಟು ವರ್ಷಕ್ಕೆ 9.2 ಕೋಟಿ ಡಾಲರ್‌ಗೆ ಸಹಿ ಮಾಡಿದರು. 2025-26ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ 7,75,000 ಡಾಲರ್ ಇತ್ತು. ಆದರೆ ಅಲ್ಲಿಗೂ ಇಲ್ಲಿಗೂ ಓಡಾಡುವವನ ಒಪ್ಪಂದದಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಮೇಲಿದ್ದ ದಿನಕ್ಕೆ ಒಂದು, ಕೆಳಗಿದ್ದ ದಿನಕ್ಕೆ ಇನ್ನೊಂದು. ಎರಡನೆಯದು ಮೊದಲನೆಯದರ ಸಣ್ಣ ಪಾಲು. ಯುರೋಪಿನ ಲೀಗ್‌ಗಳಲ್ಲಿ ಒಳ್ಳೆಯ ಜೀವನ ಇದೆ, ಆದರೆ ಹಲವು ಕಡೆ ವಿದೇಶಿ ಆಟಗಾರರಿಗೆ ಮಿತಿ ಇದೆ. ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ 2024ರ ಜನವರಿಯಲ್ಲಿ ಶುರುವಾದಾಗ ಕನಿಷ್ಠ ಸಂಬಳ 35,000 ಡಾಲರ್ ಇತ್ತು. ಕಡಿಮೆಯೇ. ಆದರೂ 1992ರಲ್ಲಿ ಮನೋನ್ ರೆಯೋಮ್ ಅನ್ನುವ ಮಹಿಳೆ ಎನ್‌ಎಚ್‌ಎಲ್‌ನ ಟ್ಯಾಂಪಾ ಬೇ ತಂಡದ ಪರ ಒಂದು ಪ್ರದರ್ಶನ ಪಂದ್ಯದಲ್ಲಿ ನಿಂತದ್ದೇ ಇತಿಹಾಸವಾಗಿದ್ದ ಕಾಲಕ್ಕೆ ಹೋಲಿಸಿದರೆ ಹುಡುಗಿಯರಿಗೆ ಈಗ ಒಂದು ದಾರಿ ಇದೆ.

ಎಷ್ಟು ವರ್ಷ ಆಡಬಹುದು? ತಡವಾಗಿ ಬಂದವರು ತಡವಾಗಿಯೇ ಹೋಗುತ್ತಾರೆ. ದೇಹ ಕೈಕೊಡದಿದ್ದರೆ ಮೂವತ್ತೈದು ದಾಟುವುದು ಗೋಲ್‌ಕೀಪರ್‌ಗಳಲ್ಲಿ ವಿಶೇಷವೇನಲ್ಲ. ಮಾರ್ಕ್-ಆಂದ್ರೆ ಫ್ಲೂರಿ 575 ಗೆಲುವುಗಳ ನಂತರ 2025ರಲ್ಲಿ ನಿಲ್ಲಿಸಿದಾಗ ಅವರಿಗೆ 40. ಆಮೇಲೆ ಕೆಲವರು ಕೋಚ್ ಆಗುತ್ತಾರೆ. ಪ್ರತಿ ದೊಡ್ಡ ತಂಡಕ್ಕೂ ಈಗ ಗೋಲ್‌ಕೀಪರ್‌ಗಳಿಗೇ ಬೇರೆ ಕೋಚ್ ಇರುತ್ತಾರೆ. ಕೆಲವರು ಲುಂಡ್‌ಕ್ವಿಸ್ಟ್ ತರಹ ಟಿವಿಗೆ ಹೋಗುತ್ತಾರೆ.

ನನಗೆ ತುಂಬಾ ಇಷ್ಟವಾಗುವ ಉದಾಹರಣೆ ಕೆನ್ ಡ್ರೈಡನ್. ಮಾಂಟ್ರಿಯಲ್ ಪರ ಆರು ಸ್ಟ್ಯಾನ್ಲಿ ಕಪ್ ಗೆದ್ದವರು. ಆಡುತ್ತಲೇ ಕಾನೂನು ಓದಿದರು. 1973-74ರಲ್ಲಿ ಸಂಬಳದ ಮಾತು ಕುದುರದಿದ್ದಾಗ ಇಡೀ ಸೀಸನ್ ಬಿಟ್ಟು ಟೊರೊಂಟೊದ ಕಾನೂನು ಕಚೇರಿಯಲ್ಲಿ ಕೆಲಸ ಕಲಿತರು. 31ಕ್ಕೇ ಆಟ ಬಿಟ್ಟರು. ಮುಂದೆ ಕೆನಡಾದ ಸಂಸದರಾದರು, ಸಚಿವರಾದರು. ಓದು ಕೈಯಲ್ಲಿ ಇದ್ದದ್ದರಿಂದ ಅವರು ತಂಡದ ಎದುರು ನೆಟ್ಟಗೆ ನಿಂತು ಮಾತಾಡಲು ಆಯಿತು.

ನಿಮ್ಮ ಮಗನಿಗೂ ನಾನು ಈ ದಾರಿಯನ್ನೇ ಹೇಳುತ್ತೇನೆ. ಈಗ ಸಿಗುವ ತಂಡ ಒಂದು ಹಂತ ಕೆಳಗಿನದಾದರೂ ಪರವಾಗಿಲ್ಲ, ಅಲ್ಲಿ ಮೊದಲ ಗೋಲ್‌ಕೀಪರ್ ಆಗಿ ಆಡಲಿ. ಮೇಲಿನ ತಂಡದ ಬೆಂಚಿನಲ್ಲಿ ಕೂರುವುದಕ್ಕಿಂತ ಅದು ಒಳ್ಳೆಯದು. ಶಾಲೆ ಬಿಡಿಸಬೇಡಿ. ಅಮೆರಿಕದ ಕಾಲೇಜು ಹಾಕಿ ಗೋಲ್‌ಕೀಪರ್‌ಗಳಿಗೆ ಹೇಳಿ ಮಾಡಿಸಿದ ಜಾಗ. ಇಪ್ಪತ್ತೆರಡು, ಇಪ್ಪತ್ತಮೂರರವರೆಗೆ ಬೆಳೆಯಲು ಅಲ್ಲಿ ಸಮಯ ಸಿಗುತ್ತದೆ. ಪಂದ್ಯಗಳು ಕಡಿಮೆ, ಅಭ್ಯಾಸ ಜಾಸ್ತಿ. ಥಾಮಸ್, ಹೆಲ್ಲೆಬಕ್ ಇಬ್ಬರೂ ಆ ದಾರಿಯಲ್ಲೇ ಬಂದವರು. ಹಿಂದೆಲ್ಲ ಕೆನಡಾದ ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದರೆ ಈ ಕಾಲೇಜುಗಳ ಬಾಗಿಲು ಮುಚ್ಚುತ್ತಿತ್ತು. 2025ರ ಆಗಸ್ಟ್‌ನಿಂದ ಆ ನಿಯಮ ಬದಲಾಗಿದೆ. ಅಂದರೆ ಜೂನಿಯರ್ ತಂಡವೋ ಕಾಲೇಜೋ ಅಂತ ಹದಿನಾರಕ್ಕೇ ಒಂದನ್ನು ಆರಿಸುವ ಒತ್ತಡ ಈಗ ಇಲ್ಲ. ಯಾವ ತಂಡ ಕರೆದರೂ ಮೊದಲು ಎರಡು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಪಂದ್ಯ ಇವನಿಗೆ ಸಿಗುತ್ತದೆ, ಗೋಲ್‌ಕೀಪಿಂಗ್ ಕೋಚ್ ವಾರಕ್ಕೆ ಎಷ್ಟು ದಿನ ಐಸ್ ಮೇಲೆ ಇರುತ್ತಾರೆ. ಉತ್ತರ ಸ್ಪಷ್ಟವಾಗಿ ಕೊಡದ ತಂಡಕ್ಕೆ ಕಳಿಸಬೇಡಿ.